ಒಂದು ದೇಹಕ್ಕೆ ಐದು ಗುಂಡಿ ಇಟ್ಟ ಟೋಕನ್ ಯಂತ್ರದವರಿಗೆ

ಮಾನ್ಯರಲ್ಲಿ ಮಾನ್ಯರೇ, ದೊಡ್ಡಾಸ್ಪತ್ರೆಯ ಬಾಗಿಲಲ್ಲಿ ಹಗಲಿಡೀ ನಿಂತೇ ಸೇವೆ ಸಲ್ಲಿಸುವ ಟೋಕನ್ ಯಂತ್ರದವರೇ,

ಹುಟ್ಟಿದಂದಿನಿಂದ ಇಂದಿನವರೆಗೆ ಒಂದೇ ಒಂದು ದಿನವೂ ಕಾಯಿಲೆ ಬೀಳದ, ಕಾಯಿಲೆ ಎಂಬುದು ನಮ್ಮ ಮನೆಯ ದಾರಿ ಗೊತ್ತಾಗದೆ ಪಕ್ಕದ ಬೀದಿಯಿಂದಲೇ ವಾಪಸು ಹೋಗುವಷ್ಟು ಗಟ್ಟಿ ದೇಹದ, ಐವತ್ತಾರು ವರ್ಷ ವಯಸ್ಸಿನ ಈ ಬೋರ್ಡು ಬರೆಯುವವನು ತಮಗೆ ತಲೆಬಾಗಿ ನಮಸ್ಕರಿಸುತ್ತಾನೆ. ತಲೆಯನ್ನು ಪೂರ್ತಿ ಬಾಗಿಸಿದರೆ ಎಡಗಡೆ ಸಿಡಿಯುತ್ತದಾದ್ದರಿಂದ ಅರ್ಧ ಮಾತ್ರ ಬಾಗಿಸಿದ್ದೇನೆ. ಉಳಿದರ್ಧವನ್ನು ತಾವು ಬಾಗಿದೆಯೆಂದೇ ತಿಳಿಯಬೇಕು.

ದಿನಕ್ಕೆ ನಾನೂರು ಜನರ ಬೆರಳನ್ನು ನೋಡುವ ತಮಗೆ ನನ್ನ ಗುರುತು ಹತ್ತದೇ ಇರಬಹುದು. ತಮ್ಮ ಬೆನ್ನ ಹಿಂದಿನ ಗೋಡೆಯಲ್ಲಿ ನೀಲಿಯ ಮೇಲೆ ಬಿಳಿ ಅಕ್ಷರದ ಐದು ಬೋರ್ಡುಗಳಿವೆಯಲ್ಲ, ಒಂದನೇ ಕೋಣೆ ತಲೆ ಮತ್ತು ನರ, ಎರಡು ಎದೆ ಮತ್ತು ಉಸಿರು, ಮೂರು ಹೊಟ್ಟೆ, ನಾಲ್ಕು ಮನಸ್ಸು, ಐದು ರಕ್ತದೊತ್ತಡ, ಎಲ್ಲಕ್ಕೂ ಕೆಳಗೊಂದು ಬಾಣ, ಅವನ್ನು ಬರೆದವನು ನಾನೇ. ಓದಿದ್ದು ಹಳ್ಳಿ ಶಾಲೆಯಲ್ಲಿ ಏಳನೇ ತರಗತಿವರೆಗೆ. ಆದರೆ ನನ್ನ ಅಕ್ಷರ ಎಷ್ಟು ಚೆನ್ನಾಗಿತ್ತೆಂದರೆ ಮೇಷ್ಟ್ರು ಸೀಮೆಸುಣ್ಣವನ್ನು ನನ್ನ ಕೈಗೆ ಕೊಟ್ಟು ಕುರ್ಚಿಯಲ್ಲಿ ನಿದ್ದೆ ಹೋಗುತ್ತಿದ್ದರು, ಅವರು ಏಳುವುದರೊಳಗೆ ನಾನು ಇಡೀ ಶಾಲೆಗೆ ಪಾಠ ಮುಗಿಸಿರುತ್ತಿದ್ದೆ. ಮೇಷ್ಟ್ರು ಇದನ್ನು ಬೇರೆ ಥರ ಹೇಳುತ್ತಾರೆ, ಆ ಮಾತು ಇಲ್ಲಿ ಬೇಡ.

ಮೊದಲು ತಮ್ಮ ಗುಣಗಾನ. ತಾವು ಮನುಷ್ಯನನ್ನು ಎಷ್ಟು ಚೊಕ್ಕವಾಗಿ ಐದು ಪಾಲು ಮಾಡಿದ್ದೀರಿ! ಕಟುಕನಿಗೂ ಇಷ್ಟು ಅಚ್ಚುಕಟ್ಟು ಬರುವುದಿಲ್ಲ. ಒಂದು ಗುಂಡಿ ಒತ್ತಿದರೆ ಒಂದು ಚೀಟಿ, ಒಂದು ಚೀಟಿಗೆ ಒಂದು ಕೋಣೆ, ಒಂದು ಕೋಣೆಗೆ ಒಂದು ಅಂಗ. ಹೇಗಿದ್ದೀಯಪ್ಪಾ ಎಂದು ಕೇಳುವುದಿಲ್ಲ, ಯಾಕೆ ಬಂದೆ ಎಂದು ಗದರುವುದಿಲ್ಲ, ಜೊತೆಯಲ್ಲಿ ಹೆಂಡತಿ ಬಂದಿದ್ದಾಳೋ ಎಂದು ಇಣುಕುವುದಿಲ್ಲ. ಸುಳ್ಳು ಹೇಳುವವನಿಗೆ ಇಷ್ಟು ಅನುಕೂಲದ ಅಧಿಕಾರಿ ಈ ಜಗತ್ತಿನಲ್ಲಿ ಇನ್ನೊಬ್ಬರಿಲ್ಲ.

ಇನ್ನು ನನ್ನ ದೂರು. ನನಗಿರುವುದು ಅರೆತಲೆನೋವು. ಓದಿದವರು ಮೈಗ್ರೇನ್ ಎನ್ನುತ್ತಾರೆ, ನಾನು ಎಡಗಡೆಯವನು ಎನ್ನುತ್ತೇನೆ. ಬರುವ ಮುಂಚೆ ಕಣ್ಣ ಮುಂದೆ ಗರಗಸದ ಹಲ್ಲಿನ ಹಾಗೆ ಬೆಳಕು ಕುಣಿಯುತ್ತದೆ, ಆಮೇಲೆ ನೋಡುತ್ತಿರುವುದರ ಒಂದು ಪಕ್ಕ ಮಾಯವಾಗುತ್ತದೆ, ಆಮೇಲೆ ತಲೆಯೊಳಗೆ ಯಾರೋ ಮೊಳೆ ಹೊಡೆಯುವ ಕಾಂಟ್ರಾಕ್ಟು ಹಿಡಿದಂತೆ ಶುರುವಾಗುತ್ತದೆ. ಒಮ್ಮೆ ಹದಿನಾರು ಅಡಿಯ ಬೋರ್ಡನ್ನು ಈ ಸ್ಥಿತಿಯಲ್ಲೇ ಬರೆದು ಇಳಿದೆ. ಅಕ್ಷರಗಳೆಲ್ಲ ಗುಡ್ಡ ಹತ್ತುವ ದನಗಳ ಹಾಗೆ ಒಂದು ಪಕ್ಕಕ್ಕೆ ಏರಿದ್ದವು. ವ್ಯಾಪಾರ ಏರಲಿ ಅಂತಲೇ ಹೀಗೆ ಬರೆದದ್ದು ಎಂದೆ. ಅಂಗಡಿಯವನು ನಂಬಿದ. ಈಗಲೂ ಆ ಅಂಗಡಿಯ ಮುಂದೆ ಜನ ಕತ್ತು ವಾಲಿಸಿ ನಿಲ್ಲುತ್ತಾರೆ.

ಒಂದು ತಿಂಗಳ ಮೇಲೊಂದು ವಾರದ ಹಿಂದೆ ಹೆಂಡತಿಯ ಒತ್ತಾಯಕ್ಕೆ ಮಣಿದು ಒಬ್ಬನೇ ತಮ್ಮ ಮುಂದೆ ಬಂದು ನಿಂತೆ. ತಲೆಯ ಗುಂಡಿ ಒತ್ತಿದೆ. ಇಲ್ಲೇ ನೋಡಿ ನಾನು ಎಡವಿದ್ದು, ಅಂದರೆ ತಾವು ಎಡವಿಸಿದ್ದು. ಬೋರ್ಡು ಬರೆಯುವವರಿಗೆ ಒಂದು ಕಟ್ಟಳೆಯುಂಟು: ಬೋರ್ಡಿನಲ್ಲಿ ಬರೆದದ್ದನ್ನಷ್ಟೇ ಒಳಗೆ ಕೇಳಬೇಕು. ಚಪ್ಪಲಿ ಅಂಗಡಿಗೆ ಹೋಗಿ ಛತ್ರಿ ಕೇಳಿದರೆ ಬೋರ್ಡು ಬರೆದವನ ಮುಖಕ್ಕೆ ಮಸಿ ಬಳಿದಂತೆ. ಮೂವತ್ತೊಂದು ವರ್ಷ ಈ ಕಟ್ಟಳೆಯಲ್ಲಿ ಬದುಕಿದವನು ನಾನು, ನಾನೇ ಬರೆದ ಬೋರ್ಡಿನ ಕೆಳಗೆ ಅದನ್ನು ಮುರಿಯುತ್ತೇನೆಯೇ? ಒಂದನೇ ಕೋಣೆಯಲ್ಲಿ ತಲೆಯ ಡಾಕ್ಟರಮ್ಮ ಕೇಳಿದರು, "ತಲೆನೋವು ಬಿಟ್ಟು ಬೇರೆ ಏನಾದ್ರೂ ತೊಂದರೆ ಇದೆಯಾ?" ಇಲ್ಲ ಎಂದೆ. "ಉಬ್ಬಸ ಗಿಬ್ಬಸ?" ಎಂದರು. ಆ ಹೊತ್ತಿಗೆ ನನ್ನ ಅಂಗಿಯ ಜೇಬಿನಲ್ಲಿ ಉಸಿರಿನ ಪಂಪು ಇತ್ತು. ಅದರ ಮೇಲೆ ಅಂಗೈ ಇಟ್ಟುಕೊಂಡು, ಎದೆ ಮುಟ್ಟಿ ಪ್ರಮಾಣ ಮಾಡುವವನ ಭಂಗಿಯಲ್ಲಿ, "ನನಗಾ? ಏಣಿಯ ತುದಿಯಲ್ಲಿ ನಿಂತು ಶಂಖ ಊದೋ ಮನುಷ್ಯ ನಾನು" ಎಂದೆ. ಉಬ್ಬಸ ಎರಡನೇ ಕೋಣೆಯ ಸರಕು, ಅದಕ್ಕೆ ಬೇರೆ ಚೀಟಿ, ಬೇರೆ ದಿನ. ಅಲ್ಲದೆ ಡಾಕ್ಟರಮ್ಮ ನನಗಿಂತ ಚಿಕ್ಕವರು. ಚಿಕ್ಕವರ ಮುಂದೆ ಏದುಸಿರು ಬಿಡುವ ಸಂಗತಿ ಹೇಳಿಕೊಳ್ಳುವ ವಂಶ ನಮ್ಮದಲ್ಲ.

ಅವರು ರಕ್ತದೊತ್ತಡ ನೋಡಿದರು, ಸ್ವಲ್ಪ ಹೆಚ್ಚಿತ್ತು. ನಾಡಿ ನೋಡಿದರು, ಅದು ಯಾರೋ ಅಟ್ಟಿಸಿಕೊಂಡು ಬಂದಂತೆ ಓಡುತ್ತಿತ್ತು. ಹಾಗಾದರೆ ಎದೆಬಡಿತ ನಿಧಾನಿಸುವ ಈ ಮಾತ್ರೆ ಸರಿ, ತಲೆನೋವು ಬಾರದ ಹಾಗೂ ತಡೆಯುತ್ತದೆ, ಒತ್ತಡವನ್ನೂ ಇಳಿಸುತ್ತದೆ ಎಂದು ಬರೆದುಕೊಟ್ಟರು. ನಾನು ಕೊಟ್ಟ ಸುಳ್ಳಿಗೆ ಅದು ನೂರಕ್ಕೆ ನೂರು ಸರಿಯಾದ ಔಷಧಿ.

ನಾಲ್ಕನೇ ದಿನ ನಮ್ಮಣ್ಣನ ಮಗಳು ಕೆಲಸ ಮಾಡುವ ಔಷಧಿ ಅಂಗಡಿಗೆ ಹೊಸ ಬೋರ್ಡು ಬರೆಯುತ್ತಿದ್ದೆ. ಏಣಿಯ ಹನ್ನೊಂದನೇ ಮೆಟ್ಟಿಲಿನಲ್ಲಿ ಎದೆ ಬಿಗಿಯಿತು. ಪಂಪು ಒತ್ತಿದೆ, ಮತ್ತೆ ಒತ್ತಿದೆ, ಅದು ಎಂದಿನ ಹಾಗೆ ಕೆಲಸ ಮಾಡಲಿಲ್ಲ. ಶಂಖ ಊದುವ ಮನುಷ್ಯನ ಎದೆಯಿಂದ ಬಂದದ್ದು ಕೆಟ್ಟುಹೋದ ಪೀಪಿಯ ಸದ್ದು. ಏಣಿಯನ್ನು ತಬ್ಬಿಕೊಂಡು ನಿಂತೆ. ಕೆಳಗಿನವರು ನಾನು ಅಕ್ಷರದ ಅಂದ ನೋಡುತ್ತಿದ್ದೇನೆಂದೇ ತಿಳಿದರು, ಯಾಕೆಂದರೆ ನಾನು ದಿನಾ ಹಾಗೆ ನೋಡಿಕೊಳ್ಳುವವನೇ. ಹುಡುಗಿ ಹೊರಗೆ ಬಂದು ನನ್ನ ತುಟಿಯ ಬಣ್ಣ ನೋಡಿ ಕೂಗಿಕೊಂಡಳು. ಇಬ್ಬರು ಸೇರಿ ನನ್ನನ್ನು ಗೋಡೆಗಡಿಯಾರ ಇಳಿಸುವ ಹಾಗೆ ಇಳಿಸಿದರು. ಆಟೋದಲ್ಲಿ ನನ್ನ ಜೇಬಿನಿಂದ ಮಾತ್ರೆಯ ಪಟ್ಟಿ ಎಳೆದು ಓದಿದಳು.

"ಚಿಕ್ಕಪ್ಪ, ಇದನ್ನ ಬರೆದುಕೊಟ್ಟೋರಿಗೆ ಉಬ್ಬಸ ಇದೆ ಅಂತ ಹೇಳಿದ್ರಾ?"

ಅವರು ತಲೆಯ ಡಾಕ್ಟರು ಎಂದು ಸನ್ನೆ ಮಾಡಿದೆ.

"ತಲೆ ಏನು ಬೇರೆ ಮನೆ ಮಾಡ್ಕೊಂಡಿದೆಯಾ ಚಿಕ್ಕಪ್ಪ? ಈ ಮಾತ್ರೆ ನುಂಗಿದ್ರೆ ಉಬ್ಬಸ ಇರೋರಿಗೆ ಉಸಿರೇ ಕಟ್ಟಬಹುದು!"

ಮಾನ್ಯರೇ, ಅಂದು ನನ್ನನ್ನು ತಮ್ಮ ಅಪ್ಪಣೆಯಿಲ್ಲದೆ ತುರ್ತು ಬಾಗಿಲಿನಿಂದ ಒಳಗೆ ಒಯ್ದರು. ಚೀಟಿಯಿಲ್ಲದೆ ನುಗ್ಗಿದ್ದಕ್ಕೆ ಕ್ಷಮೆ ಕೇಳಬೇಕೆಂದೇ ಇದ್ದೆ, ಮುಖಕ್ಕೆ ಔಷಧಿಯ ಮಂಜು ಬಿಡುವ ಮುಖವಾಡ ಹಾಕಿದ್ದರಿಂದ ಆಗಲಿಲ್ಲ. ಅಲ್ಲಿ ಯಾರೂ ಯಾವ ಕೋಣೆಯವನೆಂದು ಕೇಳಲಿಲ್ಲ, ಇಡೀ ಮನುಷ್ಯನನ್ನು ಒಂದೇ ಮಂಚದ ಮೇಲೆ ಮಲಗಿಸಿದರು. ತಮ್ಮ ಆಡಳಿತಕ್ಕೆ ಇದು ಕಪ್ಪುಚುಕ್ಕೆ, ವಿಚಾರಣೆ ಮಾಡಿಸಿ.

ಮೂರನೇ ದಿನ ತಲೆಯ ಡಾಕ್ಟರಮ್ಮ ನನ್ನನ್ನು ಮತ್ತೆ ಕರೆಸಿದರು. ಈ ಸಲ ಎದುರು ಕುರ್ಚಿಯಲ್ಲಿ ನಾನು, ಬಲಕ್ಕೆ ಹೆಂಡತಿ, ಎಡಕ್ಕೆ ಹುಡುಗಿ. ನ್ಯಾಯಾಲಯದಲ್ಲೂ ಒಬ್ಬ ವಕೀಲನನ್ನು ಕೊಡುತ್ತಾರೆ, ಇಲ್ಲಿ ಅದೂ ಇರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಎರಡೂ ಕಡೆಯಿಂದ ನನ್ನ ದೇಹದ ಪಟ್ಟಿ ಓದಲಾಯಿತು. ಉಬ್ಬಸ ಹನ್ನೆರಡು ವರ್ಷದಿಂದ, ಬಣ್ಣಕ್ಕೆ ಬೆರೆಸುವ ಥಿನ್ನರಿನ ವಾಸನೆಗೆ ಅದೂ ಕೆರಳುತ್ತದೆ, ತಲೆಯೂ ಕೆರಳುತ್ತದೆ. ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆಯಲ್ಲಿ ಉರಿ. ನಿದ್ದೆ ಮೂರು ಗಂಟೆ. ಇನ್ನು ನಾಲ್ಕನೇ ಕೋಣೆಯದು: ಹೋದ ವರ್ಷ ನಾನು ಮನಸ್ಸಿನ ಗುಂಡಿ ಒತ್ತಿ ಚೀಟಿ ತೆಗೆದುಕೊಂಡೆನಾದರೂ, ಬೆಂಚಿನಲ್ಲಿ ಗುರುತಿನ ಪೇಂಟ್ ಅಂಗಡಿಯವನು ಕೂತಿದ್ದರಿಂದ, ಬೋರ್ಡಿನ ಬಣ್ಣ ಪರೀಕ್ಷಿಸಲು ಬಂದೆನೆಂದು ಹೇಳಿ ಉಗುರಿನಿಂದ ಒಂದು ಅಕ್ಷರ ಕೆರೆದು ವಾಪಸಾದದ್ದು. ಆ ಅಕ್ಷರ ಈಗಲೂ ಸಿಪ್ಪೆ ಎದ್ದಿದೆ, ತಾವೇ ತಿರುಗಿ ನೋಡಬಹುದು, ತಿರುಗಲು ಬಂದರೆ.

ಹೆಂಡತಿ ಮಾತು ಕಡಿಮೆ, ಆಡಿದರೆ ಮೊಳೆ. "ತಲೆನೋವು ಬಂದ ದಿನ ಬಂತು ಅಂತ ಮಲಗ್ತಾರೆ ಡಾಕ್ಟ್ರೇ, ಬರದಿದ್ದ ದಿನ ಬರುತ್ತೇನೋ ಅಂತ ಮಲಗ್ತಾರೆ. ಇವರು ಎದ್ದು ಓಡಾಡೋದು ಜಂಬ ಕೊಚ್ಚೋಕೆ ಮಾತ್ರ" ಎಂದಳು.

ಡಾಕ್ಟರಮ್ಮ ನಗಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು, ನನಗೆ ಉತ್ತರ ತಯಾರಿತ್ತು. ಅರೆತಲೆನೋವು ಇರುವವರಲ್ಲಿ ಇವೆಲ್ಲ ಜೊತೆಯಲ್ಲಿರುವುದು ಮಾಮೂಲು ಎಂದರು. ಉಬ್ಬಸ, ನಿದ್ದೆಗೇಡು, ಹೆದರಿಕೆ, ಮಂಕು, ಒತ್ತಡ, ಹೊಟ್ಟೆಯ ತಕರಾರು, ಯಾವುದೂ ನಾಚಿಕೆಯ ವಿಷಯವಲ್ಲವಂತೆ. ಆದರೆ ಪ್ರತಿಯೊಂದೂ ಔಷಧಿಯ ಒಂದು ಬಾಗಿಲು ತೆರೆಯುತ್ತದೆ, ಒಂದನ್ನು ಮುಚ್ಚುತ್ತದೆ. ಉಬ್ಬಸ ಇರುವುದರಿಂದ ಆ ಹಳೆಯ ಮಾತ್ರೆ ಇನ್ನು ನನಗಿಲ್ಲ. ನೋವು ಏರಿದಾಗ ನುಂಗುವ ಜೋರು ಮಾತ್ರೆಯೊಂದಿದೆ, ರಕ್ತದೊತ್ತಡ ಹತೋಟಿಗೆ ಬಾರದೆ ಅದನ್ನು ಕೊಡುವಂತಿಲ್ಲ. ಒತ್ತಡಕ್ಕೇ ಕೊಡುವ ಬೇರೊಂದು ಬಗೆಯ ಮಾತ್ರೆ ತಲೆಯನ್ನೂ ಕಾಯಬಹುದು. ಸಂಜೆ ತೆಗೆದುಕೊಳ್ಳುವ ಇನ್ನೊಂದು ನಿದ್ದೆಯನ್ನೂ ತಂದು ನೋವನ್ನೂ ತಗ್ಗಿಸಬಹುದು, ಆದರೆ ಮೈ ಭಾರವಾದೀತು, ಬೆಳಿಗ್ಗೆ ಜೋಂಪು ಹತ್ತಿದರೆ ಏಣಿ ಹತ್ತಕೂಡದು. ಮಾತ್ರೆಯ ಜೊತೆಗೆ ನಾಲ್ಕನೇ ಕೋಣೆಯಲ್ಲಿ ಕೂತು ಮಾತಾಡಿದರೆ ಹೆದರಿಕೆಯೂ ಇಳಿಯುತ್ತದೆ, ಹೆದರಿಕೆ ಇಳಿದರೆ ತಲೆನೋವೂ ಎಷ್ಟೋ ಇಳಿಯುತ್ತದೆ. ನಾನು ಐದು ಬೋರ್ಡುಗಳನ್ನು ಐದು ದಿನ ಕೂತು ಬರೆದವನು. ಈ ಹೆಣ್ಣುಮಗಳು ಐದನ್ನೂ ಐದು ನಿಮಿಷದಲ್ಲಿ ಒಂದೇ ಹಲಗೆಗೆ ಬರೆದಳು.

ಆಮೇಲೆ ಆ ಪ್ರಶ್ನೆ. "ತಿಂಗಳಿಗೆ ಎಷ್ಟು ದಿನ ತಲೆನೋವು? ಎಷ್ಟು ದಿನ ನೋವಿನ ಮಾತ್ರೆ?"

ಎರಡು ದಿನ, ಹೆಚ್ಚೆಂದರೆ ಎರಡೂವರೆ ಎಂದೆ. ಹೆಂಡತಿ ಚಾವಣಿಯ ಫ್ಯಾನು ನೋಡಿದಳು. ಹುಡುಗಿ ನನ್ನ ಮುಖವನ್ನೇ ನೋಡಿದಳು. ಅವಳಿಗೆ ತಿಳಿಯಬಾರದೆಂದು ನಾನು ನೋವಿನ ಮಾತ್ರೆಯನ್ನು ಬೇರೆ ಮೂರು ಅಂಗಡಿಗಳಿಂದ ತರುತ್ತಿದ್ದದ್ದು, ಮೂರಕ್ಕೂ ಬೋರ್ಡು ಬರೆದವನು ನಾನೇ ಆದ್ದರಿಂದ ಅವರು ಕೇಳಿದಷ್ಟು ಕೊಡುತ್ತಿದ್ದದ್ದು, ಆ ಕ್ಷಣದಲ್ಲಿ ನನ್ನ ಹಣೆಯ ಮೇಲೆ ಬರೆದಿತ್ತೆಂದು ಕಾಣುತ್ತದೆ, ಅದೂ ದೊಡ್ಡ ಅಕ್ಷರದಲ್ಲಿ.

ತಿಂಗಳಿಗೆ ಹತ್ತು-ಹದಿನೈದು ದಿನ ದಾಟಿ ನೋವಿನ ಮಾತ್ರೆ ನುಂಗಿದರೆ ಆ ಮಾತ್ರೆಯೇ ತಲೆನೋವು ತರಲು ಶುರುಮಾಡುತ್ತದೆ, ಹಾಗಿದ್ದರೆ ಮೊದಲು ಅದನ್ನು ಬಿಡಿಸಬೇಕು, ಬಿಡಿಸುವಾಗ ಕೆಲವು ದಿನ ನೋವು ಹೆಚ್ಚಾಗುತ್ತದೆ, ಆಗ ಜೊತೆಯಲ್ಲಿ ಜನ ಬೇಕು, ಎಂದರು ಡಾಕ್ಟರಮ್ಮ. ಮೂವತ್ತು ಮನೆಗಳಿರುವ ಒಂದು ಸಣ್ಣ ಪುಸ್ತಕ ಕೊಟ್ಟು, ದಿನಾ ಗುರುತು ಹಾಕಿ ಎಂದರು. "ನಿಮ್ಮ ಉಸಿರಿನ ವಿಷಯದಲ್ಲಿ ಏನಾಯ್ತು ನೋಡಿದ್ರಲ್ಲ. ಸುಳ್ಳು ಲೆಕ್ಕಕ್ಕೆ ನಾನು ನಿಜವಾದ ಔಷಧಿ ಕೊಡೋಕಾಗಲ್ಲ" ಎಂದರು. ಆ ತಿಂಗಳು ನಿನ್ನೆಗೆ ಮುಗಿಯಿತು. ನಾಳೆ ಬೆಳಿಗ್ಗೆ ಹತ್ತಕ್ಕೆ ಪುಸ್ತಕ ಅವರ ಮೇಜಿನ ಮೇಲಿರಬೇಕು. ಅದರಲ್ಲಿ ಏನಿದೆಯೋ ಅದರ ಮೇಲೆ ಮುಂದಿನ ಮಾತ್ರೆ. ಆ ಮಾತ್ರೆಯ ಮೇಲೆ ನಾನು ಏಣಿಯ ಮೇಲಿರುತ್ತೇನೋ, ಮತ್ತೆ ಆ ಮಂಚದ ಮೇಲಿರುತ್ತೇನೋ ಎಂಬುದು.

ಆದ್ದರಿಂದ ಈ ಕೆಳಗಿನ ಸಣ್ಣಪುಟ್ಟ ಬೇಡಿಕೆಗಳನ್ನು ನಾಳೆ ಹತ್ತರೊಳಗೆ ಈಡೇರಿಸಿಕೊಡಬೇಕಾಗಿ ತಮ್ಮಲ್ಲಿ ವಿನಂತಿ. ತಮ್ಮ ಮೈಮೇಲೆ ಆರನೆಯ ಗುಂಡಿಯೊಂದನ್ನು ಇಡಿಸಿ, ಅದಕ್ಕೆ "ಎಲ್ಲವೂ" ಎಂದು ಹೆಸರಿಡಬೇಕು. ಅಕ್ಷರ ನಾನೇ ಬರೆದುಕೊಡುತ್ತೇನೆ, ನೇರವಾಗಿಯೇ ಬರೆಯುತ್ತೇನೆ. ಆ ಗುಂಡಿಯನ್ನು ರೋಗಿಯ ಬೆರಳಿಗೆ ಕೊಡದೆ ರೋಗಿಯ ಹೆಂಡತಿಯ ಬೆರಳಿಗೆ ಮಾತ್ರ ಕೊಡಬೇಕು. ಚೀಟಿ ಹೊರಬರುವ ಬಾಯಿಯಿಂದಲೇ ರೋಗಿಯ ಜಂಬವನ್ನು ಒಳಗೆ ಎಳೆದುಕೊಂಡು, ಸಂಜೆ ಮನೆಗೆ ಹೋಗುವಾಗ ಹಿಂತಿರುಗಿಸಬೇಕು, ಯಾಕೆಂದರೆ ಅದಿಲ್ಲದೆ ನಮ್ಮ ಬೀದಿಯಲ್ಲಿ ನನ್ನನ್ನು ಯಾರೂ ಗುರುತಿಸುವುದಿಲ್ಲ. ಮತ್ತು ಜೇಬಿನ ಮೇಲೆ ಅಂಗೈ ಇಟ್ಟುಕೊಂಡು ಬರುವವರನ್ನು ಕಂಡರೆ ತಾವು ಗಂಟೆ ಬಾರಿಸಬೇಕು.

ಇದಲ್ಲದೆ ಒಂದು ಹೊಸ ಪುಸ್ತಕವನ್ನೂ ತಾವು ದಯಪಾಲಿಸಬೇಕು, ಹಳೆಯದು ಕೆಟ್ಟಿದೆ. ಕೆಟ್ಟದ್ದು ಹೀಗೆ: ಪುಸ್ತಕ ಕೈಗೆ ಬಂದ ಮೊದಲನೇ ದಿನವೇ ನಾನು ಸಣ್ಣ ಕುಂಚ ತೆಗೆದು, ಇಡೀ ತಿಂಗಳನ್ನು ಒಂದೇ ಸಲಕ್ಕೆ ಬರೆದು ಮುಗಿಸಿದೆ. ಇಪ್ಪತ್ತೆಂಟು ಮನೆಗಳಿಗೆ ತಿಳಿ ಹಸಿರು, ಎರಡಕ್ಕೆ ಮಾತ್ರ ಕೆಂಪು, ಸುತ್ತಲೂ ಚಿನ್ನದ ಬಣ್ಣದ ಅಂಚು. ಮುಂಗಡವಾಗಿ ಬೋರ್ಡು ಬರೆದಿಟ್ಟರೆ ಅಂಗಡಿ ತಾನಾಗಿ ಬರುತ್ತದೆಂದು ನಂಬಿದವನು ನಾನು. ನೋಡಿದವರು ಕಣ್ಣಿಗೊತ್ತಿಕೊಳ್ಳುವಂತಿತ್ತು. ಎಣ್ಣೆ ಬಣ್ಣ, ನೀರಿಗೆ ಅಳಿಯುವುದಿಲ್ಲ. ಅಳಿಸಲು ಥಿನ್ನರ್ ಬೇಕು, ಥಿನ್ನರ್ ಬಿಚ್ಚಿದರೆ ನನಗೆ ಉಸಿರು ಕಟ್ಟುತ್ತದೆ.

ಅಳಿಸಬೇಕೆಂದು ಯಾಕನ್ನಿಸಿತೆಂದು ತಾವು ಕೇಳುವುದಿಲ್ಲ, ಕೇಳುವ ಗುಂಡಿ ತಮಗಿಲ್ಲ, ಆದರೂ ಹೇಳುತ್ತೇನೆ. ನನ್ನ ಹೆಂಡತಿ ಹೊಲಿಗೆಯವಳು. ಹೋದ ವಾರ ಒಂದು ಮಧ್ಯಾಹ್ನ, ಕಿಟಕಿಗೆ ಕಂಬಳಿ ಕಟ್ಟಿದ ಕೋಣೆಯಲ್ಲಿ ಎಡಗಡೆಯವನ ಜೊತೆ ಮಲಗಿದ್ದವನು ನೀರಿಗೆಂದು ಎದ್ದು ಹೊರಗೆ ಬಂದೆ. ಅವಳು ಹೊಲಿಗೆ ಯಂತ್ರದ ಮುಂದೆಯೇ ಕೂತು, ಯಂತ್ರ ಮುಟ್ಟದೆ, ಒಂದು ಅಂಗಿಯ ಉದ್ದದ ಹೊಲಿಗೆಯನ್ನು ಸೂಜಿಯಿಂದ ಕೈಯಲ್ಲೇ ಹಾಕುತ್ತಿದ್ದಳು. ಪಕ್ಕದಲ್ಲಿ ಇನ್ನೂ ನಾಲ್ಕು ಅಂಗಿ ಬಿದ್ದಿದ್ದವು. ಯಂತ್ರ ಕೆಟ್ಟಿದೆಯೇ ಎಂದು ಕೇಳಿದೆ.

"ಚೆನ್ನಾಗೇ ಇದೆ. ತುಳಿದ್ರೆ ನಿಮಗೆ ತಲೇಲಿ ಕುಟ್ಟಿದ ಹಾಗಾಗುತ್ತಲ್ಲ."

ಇದು ಯಾವಾಗಿನಿಂದ ಎಂದೆ. ದಾರ ಹಲ್ಲಿನಲ್ಲಿ ಕಡಿದು, "ಯಾವಾಗಿಂದ್ಲೋ" ಎಂದಳು. ಹಾಗಾದರೆ ತಿಂಗಳಿಗೆ ಎಷ್ಟು ದಿನ ಹೀಗೆ ಕೈಯಲ್ಲಿ ಹೊಲಿಯುತ್ತೀ, ಹೇಳು ಎಂದೆ.

"ನಾನ್ಯಾಕೆ ಹೇಳ್ಲಿ? ಎಣಿಸೋ ಕೆಲಸ ಡಾಕ್ಟ್ರು ನಿಮಗೆ ಕೊಟ್ಟಿರೋದು" ಎಂದು ಮತ್ತೆ ಸೂಜಿ ಹಿಡಿದಳು. ಅವಳ ತೋರುಬೆರಳಿನ ತುದಿ ಹಳೆಯ ಬ್ರಷ್ಷಿನ ಹಾಗೆ ಒರಟಾಗಿತ್ತು. ಮೂವತ್ತು ವರ್ಷ ಸಂಸಾರ ಮಾಡಿದ್ದೇನೆ. ಊರಿನ ಪ್ರತಿ ಬೋರ್ಡಿನ ಪ್ರತಿ ಅಕ್ಷರದ ಅಂಚು ನನಗೆ ಗೊತ್ತು, ಆ ಬೆರಳು ಗೊತ್ತಿರಲಿಲ್ಲ.

ಈ ಪತ್ರದ ಒಂದು ಪ್ರತಿಯನ್ನು ತಮ್ಮ ಪಕ್ಕದ ಕಂಬಕ್ಕೆ ಅಂಟಿಸುತ್ತೇನೆ, ಸಾಲಿನಲ್ಲಿ ನಿಂತವರಿಗೆ ಓದಲು ಏನಾದರೂ ಇರಲಿ. ಇನ್ನೊಂದು ಪ್ರತಿ ನನ್ನ ಜೇಬಿನಲ್ಲಿರುತ್ತದೆ, ಪಂಪಿನ ಜೊತೆಯಲ್ಲಿ. ತಮ್ಮ ಸೇವೆ ಹೀಗೆಯೇ ಐದು ಪಾಲಾಗಿ ಮುಂದುವರಿಯಲಿ, ತಮ್ಮ ಕಾಗದದ ಸುರುಳಿ ಎಂದೂ ಮುಗಿಯದಿರಲಿ, ತಮಗೆ ಮಾತ್ರ ಎಂದೂ ತಲೆ ಬಾರದಿರಲಿ ಎಂದು ಹಾರೈಸಿ ಮುಗಿಸುತ್ತೇನೆ.

ಐದೂ ಕೋಣೆಗಳಿಗೆ ಸೇರಿದ,
ತಮ್ಮ ಅರ್ಧ ತಲೆಯ ಪೂರ್ತಿ ವಿಶ್ವಾಸಿ,
ಬೋರ್ಡು ಬರೆಯುವವನು

ತಾಜಾಕಲಂ: ತಾವು ಹೊಸ ಪುಸ್ತಕ ಕೊಡುವುದಿಲ್ಲವೆಂದು ನನಗೆ ಗೊತ್ತು, ತಾವು ಕೊಡುವುದು ಚೀಟಿ ಮಾತ್ರ, ಅದರಲ್ಲೂ ಅರ್ಧ ಅಕ್ಷರ ಮಸುಕು, ನನ್ನ ಕೈಗೆ ಕೊಟ್ಟಿದ್ದರೆ ಇನ್ನೂ ಚೆನ್ನಾಗಿ ಬರೆಯುತ್ತಿದ್ದೆ. ಹಸಿರು ಬಳಿದ ಪುಸ್ತಕದಲ್ಲಿ ಇನ್ನು ಜಾಗವಿಲ್ಲದ್ದರಿಂದ ಲೆಕ್ಕವನ್ನು ಇಲ್ಲೇ ಬರೆಯುತ್ತೇನೆ, ನಾಳೆ ಡಾಕ್ಟರಮ್ಮನ ಮುಂದೆ ಈ ಕಾಗದವನ್ನೇ ಇಡುತ್ತೇನೆ. ಮೂರು ಅಂಗಡಿಯ ಖಾಲಿ ಮಾತ್ರೆ ಪಟ್ಟಿಗಳನ್ನು ನೆಲದ ಮೇಲೆ ಹರಡಿ, ಕಿಟಕಿಗೆ ಕಂಬಳಿ ಕಟ್ಟಿದ ದಿನಗಳನ್ನು ಒಂದೊಂದಾಗಿ ನೆನಪಿಗೆ ತಂದುಕೊಂಡು, ಇಂದು ಮೂರು ಸಲ ಎಣಿಸಿದೆ, ಪ್ರತಿ ಸಲವೂ ಕಡಿಮೆ ಬರಲಿ ಎಂದುಕೊಂಡೇ ಎಣಿಸಿದೆ. ಮೂವತ್ತು ದಿನದಲ್ಲಿ ತಲೆನೋವಿಗೆ ಹೋದದ್ದು ಎರಡಲ್ಲ, ಎರಡೂವರೆಯೂ ಅಲ್ಲ, ಹತ್ತೊಂಬತ್ತು ದಿನ. ಮಾತ್ರೆ ನುಂಗಿದ್ದು ಇಪ್ಪತ್ತಮೂರು ದಿನ. ಹೆಚ್ಚಿಗೆ ಇರುವ ಆ ನಾಲ್ಕು ದಿನ ತಲೆ ನೋಯುತ್ತಿರಲಿಲ್ಲ, ಹೆದರಿ ನುಂಗಿದ್ದು.